ಯಜಮಾನಿಕೆಯ ವ್ಯಾಕರಣ

‘ಹೆಜಿಮನಿ’ ಎಂಬ ಪದಕ್ಕೆ ನಮ್ಮ ವಿಮರ್ಶಕರು ‘ಯಜಮಾನಿಕೆ’, ‘ಯಾಜಮಾನ್ಯ’ ಎಂಬ ಪದಗಳನ್ನು ರೂಢಿಗೆ ತಂದು ಬಹಳ ಕಾಲವಾಯಿತು. ಕೆಲವೊಮ್ಮೆ ಈ ಅನುವಾದವೇ ಮೂಲಕ್ಕಿಂತ ಹೆಚ್ಚು ಹೇಳುತ್ತದೆ ಎನಿಸುತ್ತದೆ. ಯಜ್ಞ ಮಾಡಿಸುವವನು ಯಜಮಾನ, ಮನೆ, ಜಮೀನು, ಆಳುಕಾಳುಗಳ ಒಡೆಯ ಯಜಮಾನ, ಗಂಡನೂ ಯಜಮಾನನೇ. ‘ನಮ್ಮ ಯಜಮಾನರು ಊರಲ್ಲಿಲ್ಲ’ ಎಂದು ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತು ಹೇಳುವಾಗ ಹಿಂದೆ ಯಾರೂ ದೊಣ್ಣೆ ಹಿಡಿದು ನಿಂತಿರುವುದಿಲ್ಲ. ಅವಳ ದನಿಯಲ್ಲಿ ಒಂದಿಷ್ಟು ಅಭಿಮಾನವೂ ಇರುತ್ತದೆ. ದೊಣ್ಣೆಯ ಜೊತೆಗೆ ಆಳಿಸಿಕೊಳ್ಳುವವರ ಒಪ್ಪಿಗೆಯನ್ನೂ ಸಂಪಾದಿಸಿದ ಅಧಿಕಾರ ಮಾತ್ರ ಬಾಳುತ್ತದೆ ಎಂಬ ಆಂಟೋನಿಯೊ ಗ್ರಾಮ್ಶಿಯ ವಿಚಾರಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

ವಿಚಾರ ಸಂಕಿರಣಗಳಲ್ಲಿ ಗ್ರಾಮ್ಶಿಯ ಹೆಸರು ಮೇಲಿಂದ ಮೇಲೆ ಕೇಳಿಬರುತ್ತದೆ. 1926ರಲ್ಲಿ ಮುಸೊಲಿನಿಯ ಸರಕಾರ ಅವನನ್ನು ಬಂಧಿಸಿದ್ದು, ಸೆರೆಯಲ್ಲಿ ಅವನು ಟಿಪ್ಪಣಿ ಪುಸ್ತಕಗಳನ್ನು ತುಂಬಿಸಿದ್ದು, 1937ರಲ್ಲಿ ತೀರಿಕೊಂಡದ್ದು ಎಲ್ಲರಿಗೂ ಗೊತ್ತು. ಅವನು ಮೂಲತಃ ಭಾಷಾಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಎಂಬುದನ್ನು ಮಾತ್ರ ನಮ್ಮವರು ಅಷ್ಟಾಗಿ ನೆನೆಯುವುದಿಲ್ಲ. ಸಾರ್ಡೀನಿಯಾ ಎಂಬ ಬಡ ದ್ವೀಪದಿಂದ ಟ್ಯೂರಿನ್ ವಿಶ್ವವಿದ್ಯಾಲಯಕ್ಕೆ ಬಂದ ಹುಡುಗ ಅವನು. ಮನೆಯ ನುಡಿ ಸಾರ್ಡೀನಿಯನ್, ಶಾಲೆಯ ನುಡಿ ಇಟಾಲಿಯನ್. 1861ರಲ್ಲಿ ಇಟಲಿ ಒಂದು ರಾಷ್ಟ್ರವಾದಾಗ ಇಟಾಲಿಯನ್ ಭಾಷೆಯನ್ನು ನಿತ್ಯದ ಮಾತಾಗಿ ಬಳಸುತ್ತಿದ್ದವರು ಕೆಲವೇ ಮಂದಿ. ಮಿಲಾನಿನ ಕಾದಂಬರಿಕಾರ ಮಾಂಜೋನಿ ತನ್ನ ಪ್ರಸಿದ್ಧ ಕೃತಿಯನ್ನು ಫ್ಲಾರೆನ್ಸಿನ ನುಡಿಗಟ್ಟಿಗೆ ತಿದ್ದಿ ಬರೆದ; ಆ ನುಡಿಯನ್ನೇ ಇಡೀ ದೇಶದ ಶಾಲೆಗಳಿಗೆ ಹರಡಬೇಕೆಂದು 1868ರಲ್ಲಿ ಸರಕಾರಕ್ಕೆ ಶಿಫಾರಸೂ ಮಾಡಿದ. ಮೇಲಿನಿಂದ ಹೇರುವ ಈ ಬಗೆ ಗ್ರಾಮ್ಶಿಗೆ ಒಪ್ಪಿಗೆಯಾಗಲಿಲ್ಲ. ಹಾಗೆಂದು ಅವನು ಆಡುನುಡಿಯ ಆರಾಧಕನೂ ಅಲ್ಲ. ಆಡುನುಡಿಯೊಂದನ್ನೇ ಬಲ್ಲವನ ಲೋಕ ಕಿರಿದಾಗುತ್ತದೆ ಎಂದು ಬರೆದವನೂ, ತಂಗಿಯ ಮಗುವನ್ನು ಸಾರ್ಡೀನಿಯನ್‌ನಲ್ಲೇ ಮಾತಾಡಲು ಬಿಡಿ ಎಂದು ಸೆರೆಮನೆಯಿಂದ ಕಾಗದ ಬರೆದವನೂ ಅವನೇ.

1935ರಲ್ಲಿ ಅವನು ಬರೆದ ಕೊನೆಯ ಟಿಪ್ಪಣಿ ಪುಸ್ತಕ ವ್ಯಾಕರಣದ ಕುರಿತದ್ದು. ಅಲ್ಲೊಂದು ಸಣ್ಣ ಮಾತು ಬರುತ್ತದೆ. ಅಚ್ಚಾದ ವ್ಯಾಕರಣವಲ್ಲದೆ ಬರೆಯದ ವ್ಯಾಕರಣವೂ ಒಂದಿದೆ. ಜನ ಒಬ್ಬರನ್ನೊಬ್ಬರು ತಿದ್ದುತ್ತಾ, ‘ಏನಂದೆ?’ ಎಂದು ಕೇಳುತ್ತಾ, ಅಣಕಿಸುತ್ತಾ, ನಗುತ್ತಾ ಅದನ್ನು ಜಾರಿಯಲ್ಲಿಡುತ್ತಾರೆ ಎಂಬುದು ಅದರ ತಾತ್ಪರ್ಯ. ಕತೆ ಬರೆಯುವ ನನ್ನಂಥವನಿಗೆ ಅವನ ಉಳಿದೆಲ್ಲ ಸಿದ್ಧಾಂತಕ್ಕಿಂತ ಇದೇ ಹೆಚ್ಚು ಉಪಯೋಗಕ್ಕೆ ಬಂದಿದೆ. ಪೊಲೀಸರು, ಕೋರ್ಟು, ಶಾಲೆ ಇವೆಲ್ಲ ಕಣ್ಣಿಗೆ ಕಾಣುವ ಅಧಿಕಾರ. ನಗು ಅಧಿಕಾರವೆಂದು ಯಾರಿಗೂ ಹೊಳೆಯುವುದಿಲ್ಲ.

ಕನ್ನಡದ ಸಿನಿಮಾ, ಕಂಪನಿ ನಾಟಕ, ಹಾಸ್ಯ ಲೇಖನಗಳಲ್ಲಿ ಬರುವ ‘ಸಾಬಿ’ಯನ್ನು ನೆನಪಿಸಿಕೊಳ್ಳಿ. ‘ನಾವು ಬರ್ತಾನೆ ಸ್ವಾಮಿ’, ‘ಹೆಂಡ್ತಿ ಬಂದಾನೆ’. ಲಿಂಗ ವಚನಗಳನ್ನೆಲ್ಲ ಕಲಸಿ ಆಡುವ ಈ ಮಾತು ಕೇಳಿದೊಡನೆ ಸಭೆ ನಗುತ್ತದೆ. ಆ ಸಭೆಯಲ್ಲಿ ಕೂತ ಮುಸ್ಲಿಮನೂ ನಗುತ್ತಾನೆ. ಇದರಲ್ಲಿ ದ್ವೇಷವೇನೂ ಇಲ್ಲ, ಪ್ರೀತಿಯ ಗೇಲಿ ಎನ್ನುವವರಿದ್ದಾರೆ. ಇರಬಹುದು. ಆದರೆ ಮುಸ್ಲಿಮನಿಗೆ ಕನ್ನಡ ಬಾರದು, ಕನ್ನಡ ಅವನದಲ್ಲ ಎಂಬ ಒಂದು ‘ಸಾಮಾನ್ಯ ಜ್ಞಾನ’ ಆ ನಗುವಿನಲ್ಲೇ ಹುಟ್ಟುತ್ತದೆ. ಮುಂದೆ ಬಸ್ಸಿನಲ್ಲೋ ಬ್ಯಾಂಕಿನಲ್ಲೋ ‘ಅರೆ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಲ್ಲ!’ ಎಂಬ ಮೆಚ್ಚುಗೆ ಬರುವುದು ಅದರ ಬಡ್ಡಿ.

ಇದು ಅನಿವಾರ್ಯವಾಗಿತ್ತು ಎಂದು ಹೇಳುವಂತಿಲ್ಲ. ಗಿರೀಶ ಕಾರ್ನಾಡರ ‘ತುಘಲಕ್’ 1964ರಲ್ಲಿ ಪ್ರಕಟವಾಯಿತು. ಅಲ್ಲಿ ಸುಲ್ತಾನನಷ್ಟೇ ಸಲೀಸಾಗಿ ಅಗಸರ ಅಜೀಜನೂ ಕನ್ನಡ ಮಾತಾಡುತ್ತಾನೆ. ಅವನ ಚತುರತೆಯೆಲ್ಲ ಇರುವುದು ಆ ಮಾತಿನಲ್ಲೇ. ನಾವು ನಗುವುದು ಅವನ ಬುದ್ಧಿಗೆ, ಅವನ ವ್ಯಾಕರಣಕ್ಕಲ್ಲ. ದಿಲ್ಲಿಯ ಅಗಸನಿಗೆ ಸಿಕ್ಕ ಕನ್ನಡ ನಮ್ಮೂರ ಸಂತೆಯ ಗುಜರಿ ವ್ಯಾಪಾರಿಗೆ ಯಾಕೆ ಸಿಗಲಿಲ್ಲ?

ಎಂಬತ್ತರ ದಶಕದಲ್ಲಿ ಬಂಡಾಯದ ಅಲೆಯೊಂದಿಗೆ ಬಂದ ಮುಸ್ಲಿಂ ಲೇಖಕರು ಈ ನಗುವಿಗೆ ಉತ್ತರವನ್ನು ಬೇರೆ ಬೇರೆ ದಾರಿಯಲ್ಲಿ ಹುಡುಕಿದರು. ‘ಚಂದ್ರಗಿರಿಯ ತೀರದಲ್ಲಿ’ ಬರೆದ ಸಾರಾ ಅಬೂಬಕ್ಕರ್ ಎಲ್ಲರೂ ಓದುವ ತಿಳಿಯಾದ ಕನ್ನಡವನ್ನು ನಾದಿರಾಳಿಗೆ ಕೊಟ್ಟರು. ಅವಳ ನೋವಿನ ಮುಂದೆ ಓದುಗನಿಗೆ ಭಾಷೆಯ ನೆಪ ಉಳಿಯಲಿಲ್ಲ. ಬೊಳುವಾರು ಮಹಮದ್ ಕುಂಞಿ ಮುತ್ತುಪ್ಪಾಡಿ ಎಂಬ ಊರನ್ನೇ ಕಟ್ಟಿ, ಅಲ್ಲಿನ ಮಾತು, ತಮಾಷೆ, ಜಗಳಗಳನ್ನು ಕನ್ನಡದ ಅಂಗಳಕ್ಕೆ ತಂದರು. ಅಲ್ಲಿ ಮುಸ್ಲಿಮರು ತಮ್ಮನ್ನು ತಾವೇ ನಗೆಯಾಡಿಕೊಳ್ಳುತ್ತಾರೆ. ನಗುವ ಹಕ್ಕು ಕೈ ಬದಲಾಯಿಸಿದ್ದು ಸಣ್ಣ ಸಂಗತಿಯಲ್ಲ.

ಇನ್ನೊಂದು ತೊಡಕು ಅಡಿಟಿಪ್ಪಣಿಯದು. ನಮ್ಮ ಕತೆಗಳಲ್ಲಿ ‘ವಜೂ’, ‘ಇದ್ದತ್’, ‘ಚಾಲೀಸ್ವಾಂ’ ಎಂಬ ಪದ ಬಂದರೆ ಕೆಳಗೆ ಅರ್ಥ ಕೊಡಿ ಎಂದು ಸಂಪಾದಕರು ಕೇಳುವುದು ವಾಡಿಕೆಯಾಗಿತ್ತು. ಉಪನಯನಕ್ಕೆ, ವೈಕುಂಠ ಸಮಾರಾಧನೆಗೆ ಯಾರೂ ಅರ್ಥ ಕೇಳಲಿಲ್ಲ. ನಾವು ಓದಿ ಓದಿ ಕಲಿತೆವು. ಯಾರು ವಿವರಿಸಬೇಕು, ಯಾರು ವಿವರಿಸಬೇಕಿಲ್ಲ ಎಂಬುದರಲ್ಲೇ ಮನೆಯವರು ಯಾರು, ನೆಂಟರು ಯಾರು ಎಂಬುದು ತೀರ್ಮಾನವಾಗಿರುತ್ತದೆ. 2025ರ ಅಂತಾರಾಷ್ಟ್ರೀಯ ಬುಕರ್ ಪಡೆದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ಅನುವಾದಕಿ ದೀಪಾ ಭಾಸ್ತಿ ಇಂಥ ಪದಗಳನ್ನು ಓರೆ ಅಕ್ಷರದಲ್ಲಿಡಲು, ಅಡಿಟಿಪ್ಪಣಿ ಹಾಕಲು ಒಪ್ಪಲಿಲ್ಲ. ಇಂಗ್ಲಿಷ್ ಓದುಗರು ಅದನ್ನು ಸಹಿಸಿಕೊಂಡರು.

ಆದರೆ ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಬಾನು ಅವರನ್ನು ಸರಕಾರ ಆಹ್ವಾನಿಸಿದಾಗ ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋಯಿತು. ಎರಡೂ ಕಡೆ ಅರ್ಜಿಗಳು ವಜಾ ಆದವು. ಸೆಪ್ಟೆಂಬರ್ 22ರಂದು ಅವರು ಉದ್ಘಾಟಿಸಿದರು. 2017ರಲ್ಲಿ ‘ನಿತ್ಯೋತ್ಸವ’ದ ಕವಿ ನಿಸಾರ್ ಅಹಮದ್ ಅದೇ ಕೆಲಸ ಮಾಡಿದ್ದರು, ಆಗ ಈ ಪರಿಯ ಗದ್ದಲವಿರಲಿಲ್ಲ. ನಡುವೆ ಕೇವಲ ಎಂಟು ವರ್ಷ. ಕನ್ನಡವನ್ನು ದೇವಿಯಾಗಿ ಕಾಣುವ ರೂಪಕದಲ್ಲಿ ತನಗೆಲ್ಲಿ ಜಾಗ ಎಂದು ಬಾನು ಹಿಂದೊಮ್ಮೆ ಕೇಳಿದ್ದ ಪ್ರಶ್ನೆಯೇ ಅವರ ಮೇಲಿನ ಆರೋಪಪಟ್ಟಿಯಾಯಿತು. ಒಪ್ಪಿಗೆಗೆ ಷರತ್ತಿದೆ, ಷರತ್ತನ್ನು ಬರೆಯುವ ಕೈ ಬದಲಾದಂತೆ ಅದೂ ಬಿಗಿಯಾಗುತ್ತದೆ. ರಣಜಿತ್ ಗುಹಾ ‘ಯಜಮಾನಿಕೆಯಿಲ್ಲದ ದಬ್ಬಾಳಿಕೆ’ ಎಂದು ಬ್ರಿಟಿಷ್ ಆಳ್ವಿಕೆಯನ್ನು ಕುರಿತು ಹೇಳಿದ್ದರು. ಒಲಿಸಿಕೊಳ್ಳುವ ತಾಳ್ಮೆ ಮುಗಿದ ಬಹುಸಂಖ್ಯಾತವಾದಕ್ಕೂ ಆ ಹೆಸರು ಹೊಂದೀತೇನೋ.

ಇಷ್ಟು ಹೇಳಿ ಸುಮ್ಮನಾದರೆ ನಮ್ಮ ಮನೆಯ ಯಜಮಾನಿಕೆ ಮರೆಯಲ್ಲೇ ಉಳಿಯುತ್ತದೆ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ‘ಕಿತಾಬೆ ನೌರಸ್’ ಬರೆದದ್ದು ದಖನಿಯಲ್ಲಿ. ಮುಂದೆ 1752ರ ಸುಮಾರಿಗೆ ಮೀರ್ ತಕಿ ಮೀರ್ ತಮ್ಮ ಕವಿಚರಿತ್ರೆಯಲ್ಲಿ, ಈ ಕಾವ್ಯ ದಖನಿನಿಂದಲೇ ಬಂದದ್ದಾದರೂ ಅಲ್ಲಿ ನೆಟ್ಟಗೆ ಬರೆದವರಿಲ್ಲ ಎಂಬಂತೆ ತಳ್ಳಿಹಾಕಿದರು. ದಿಲ್ಲಿ, ಲಖನೌಗಳ ಉರ್ದು ಶರೀಫರ ಭಾಷೆಯಾಯಿತು. ದಖನಿ ಅಡುಗೆಮನೆಗೆ, ಸಂತೆಗೆ, ಹಾಸ್ಯ ಮುಷಾಯಿರಾಕ್ಕೆ ಸರಿಯಿತು. ಕಲಬುರಗಿಯ ಸುಲೇಮಾನ್ ಖತೀಬರು ಅತ್ತೆ ಸೊಸೆಯರ ಬಡತನದ ಬದುಕನ್ನು ಅದೇ ನುಡಿಯಲ್ಲಿ ಹಾಡಿದಾಗ ಜನ ನಕ್ಕದ್ದೇ ಹೆಚ್ಚು. ನಗುತ್ತಿದ್ದವರ ಮನೆಯ ಮಾತೂ ಅದೇ ಆಗಿತ್ತು.

ಉರ್ದು ಶಾಲೆಯಲ್ಲಿ ‘ನಕ್ಕೊ’ ಎಂದ ಮಕ್ಕಳನ್ನು ಉಸ್ತಾದರು ‘ನಹೀಂ’ ಎಂದು ತಿದ್ದುತ್ತಾರೆ. ‘ಆತೌಂ ಬೋಲ್‌ಕೆ ಬೋಲ್ಯಾ’ ಎಂದರಂತೂ ಇಡೀ ತರಗತಿ ನಗುತ್ತದೆ. ದಿಲ್ಲಿಯವರು ಹಾಗೆ ಹೇಳುವುದಿಲ್ಲ, ನಿಜ. ‘ಬರ್ತೀನಿ ಅಂತ ಹೇಳ್ದ’ ಎಂಬಲ್ಲಿನ ನಮ್ಮ ‘ಅಂತ’ವೇ ಅಲ್ಲಿ ‘ಬೋಲ್‌ಕೆ’ ಆಗಿ ಕೂತಿದೆ; ಪದ ಉತ್ತರದ್ದು, ಕಟ್ಟಡ ದಕ್ಷಿಣದ್ದು. ಶತಮಾನಗಳ ಕಾಲ ಕನ್ನಡ, ತೆಲುಗು, ಮರಾಠಿಗಳ ನೆರೆಯಲ್ಲಿ ಬಾಳಿದ್ದರ ಗುರುತು ಅದು. ಉರ್ದು ಉಸ್ತಾದರು ಅದನ್ನು ತಪ್ಪೆಂದು ಕೆಂಪು ಶಾಯಿಯಲ್ಲಿ ಹೊಡೆಯುತ್ತಾರೆ. ಕನ್ನಡದ ವಿದ್ವಾಂಸರು ಅದು ತಮಗೆ ಸಂಬಂಧಿಸಿದ್ದೆಂದು ಇನ್ನೂ ತಿರುಗಿ ನೋಡಿಲ್ಲ.