ಸ್ತಬ್ಧ ಕೀಲಿಮಣೆ ಮತ್ತು ಹಳೆಯ ಸೂಚನೆ

ಲಕ್ಷ್ಮೇಶ್ವರದ ಕೆಲವು ಜೈನ ಶಾಸನಗಳಲ್ಲಿ 7–8ನೆಯ ಶತಮಾನದ ಚಾಲುಕ್ಯ ದಾನಗಳು 10ನೆಯ ಶತಮಾನದ ಲಿಪಿಯಲ್ಲಿವೆ. ಪ್ರತಿಯ ಕಾಲವೇ ಮೂಲದ ಕಾಲವೆಂದು ಇತಿಹಾಸಜ್ಞರಾರೂ ಬಗೆಯರು. ಯೂನಿಕ್ಸ್ ವರ್ಗದ ಗಣಕಗಳ ಕುರಿತ ಮಾರ್ಗದರ್ಶಿಗಳಲ್ಲಿಯೂ ಹಳೆಯ ಸೂಚನೆಗಳು ಹೊಸ ಪ್ರತಿಗಳಲ್ಲಿ ಉಳಿದುಬಂದಿವೆ; ಅಲ್ಲಿ ಮಾತ್ರ ಈ ಕಾಲವಿವೇಚನೆಯನ್ನು ನಾವು ಕಾಣೆವು.

ಶಾಸನಪಾಠಗಳನ್ನು ದೂರದ ಗಣಕದಲ್ಲಿರಿಸಿ, 1984ರಲ್ಲಿ ಸನ್ ಸಂಸ್ಥೆ ರೂಪಿಸಿದ ಎನ್‌ಎಫ್‌ಎಸ್ ಕಡತವ್ಯವಸ್ಥೆಯ ಮೂಲಕ ತಿದ್ದುತ್ತಿರುವಾಗ ಆ ಗಣಕ ಮೌನವಾದರೆ, ಇಲ್ಲಿಯ ಕೀಲಿಮಣೆ ಸ್ತಬ್ಧವಾದಂತೆ ತೋರುತ್ತದೆ. ದೋಷ ಕೀಲಿಮಣೆಯದಲ್ಲ, ‘ಹಾರ್ಡ್’ ಜೋಡಣೆಯಲ್ಲಿ ಪ್ರೋಗ್ರಾಮು ಉತ್ತರಕ್ಕಾಗಿ ಕಾಯುತ್ತಲೇ ಇರುತ್ತದೆ. ‘ಇಂಟರ್’ ಆಯ್ಕೆ ಸೇರಿಸಿ ಕಂಟ್ರೋಲ್-ಸಿ ಒತ್ತಿರೆಂಬ ಸೂಚನೆ, ಲಿನಕ್ಸ್‌ನಲ್ಲಿ 2008ರ 2.6.25 ಆವೃತ್ತಿಯಿಂದೀಚೆಗೆ ನಿರರ್ಥಕ. ಬೇರೊಂದು ಟರ್ಮಿನಲ್‌ನಿಂದ ‘ಕಿಲ್ -9’ ಕಳುಹಿಸಬೇಕು, ಇಲ್ಲವೆ ದೂರದ ಗಣಕ ಎಚ್ಚರಗೊಳ್ಳುವವರೆಗೆ ಕಾಯಬೇಕು. ಜೋಡಣೆಯನ್ನು ‘ಸಾಫ್ಟ್’ ಮಾಡಿರೆಂಬ ಸಲಹೆಯನ್ನಂತೂ ನಾವು ಒಪ್ಪೆವು. ಕಾಲಮಿತಿ ಮೀರಿದೊಡನೆ ಬರೆಹ ನಡುವೆಯೇ ನಿಂತು, ಪಾಠವು ಸದ್ದಿಲ್ಲದೆ ಕೆಡಬಹುದು.