ಮೈಲಿಗೊಂದು ದಿನದ ಲೆಕ್ಕ

ಮ್ಯಾರಥಾನ್ ಮುಗಿಸಿದವರು ಮತ್ತೆ ಎಂದಿನಿಂದ ಓಡಬಹುದು ಎಂಬುದಕ್ಕೆ ಓಟಗಾರರ ನಡುವೆ ಹೆಚ್ಚು ಚಾಲ್ತಿಯಲ್ಲಿರುವ ಉತ್ತರ ‘ಓಡಿದ ಮೈಲಿಗೊಂದು ದಿನ’. 42.195 ಕಿ.ಮೀ. ಎಂದರೆ 26 ಮೈಲಿ ಮತ್ತು ಚೂರು. ಲೆಕ್ಕಕ್ಕೆ 26 ದಿನ. ಈ ಸೂತ್ರ ನ್ಯೂಜಿಲೆಂಡಿನ ಜ್ಯಾಕ್ ಫಾಸ್ಟರ್ ಹೆಸರಿನಲ್ಲಿ ಬಳಕೆಗೆ ಬಂದಿದೆ. ಮೂವತ್ತು ದಾಟಿದ ಮೇಲೆ ಓಟಕ್ಕಿಳಿದ ಫಾಸ್ಟರ್, 1974ರ ಕ್ರೈಸ್ಟ್‌ಚರ್ಚ್ ಕಾಮನ್‌ವೆಲ್ತ್ ಕ್ರೀಡಾಕೂಟದ ಮ್ಯಾರಥಾನಿನಲ್ಲಿ ತಮ್ಮ 41ನೇ ವಯಸ್ಸಿನಲ್ಲಿ ಬೆಳ್ಳಿ ಗೆದ್ದವರು. ಅಂದಿನ ಅವರ ಸಮಯ 2 ಗಂಟೆ 11 ನಿಮಿಷ ಚಿಲ್ಲರೆ.

ಸೂತ್ರ ಹೇಳುವುದು ಇಷ್ಟೇ: ಅಷ್ಟು ದಿನ ರೇಸ್ ಬೇಡ, ಬಿರುಸಿನ ಓಟ ಬೇಡ. ಬಾಯಿಂದ ಬಾಯಿಗೆ ಸಾಗುತ್ತ ಅದು ‘26 ದಿನ ಕದಲಬೇಡಿ’ ಎಂದಾಗಿಬಿಟ್ಟಿದೆ. ಹೀಗೆ ಕೇಳಿಸಿಕೊಂಡವರಲ್ಲಿ ಕೆಲವರು ತಿಂಗಳುಗಟ್ಟಲೆ ಕುಳಿತೇ ಬಿಡುತ್ತಾರೆ. ಉಳಿದವರು ಇದೆಲ್ಲ ಅತಿಯಾಯಿತೆಂದು ಮುಂದಿನ ಭಾನುವಾರವೇ ಗುಂಪಿನ ಜೊತೆ ಲಾಂಗ್ ರನ್‌ಗೆ ಹಾಜರಾಗುತ್ತಾರೆ.

ಸೂತ್ರದ ಹಿಂದಿನ ಎಚ್ಚರಕ್ಕೆ ಆಧಾರವಿದೆ. ಜನವರಿಯ ಮುಂಬೈ ಮ್ಯಾರಥಾನ್ ಓಡಿ ಬೆಂಗಳೂರಿಗೆ ಮರಳಿದವರನ್ನು ಮರುದಿನ ಮೆಟ್ರೊ ನಿಲ್ದಾಣದಲ್ಲಿ ಸುಲಭವಾಗಿ ಗುರುತಿಸಬಹುದು. ಮೆಟ್ಟಿಲನ್ನು ಹೇಗೋ ಹತ್ತುತ್ತಾರೆ. ಇಳಿಯುವಾಗ ಮಾತ್ರ ಕಂಬಿ ಹಿಡಿದು, ಮೈ ಓರೆ ಮಾಡಿ, ಒಂದೊಂದೇ ಕಾಲು ಕೆಳಗಿಡುತ್ತಾರೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕು. ರೇಸಿನಲ್ಲಿ ಪ್ರತಿ ಹೆಜ್ಜೆಗೂ ಅದೇ ಕೆಲಸ ಮಾಡಿ ಅದರ ಎಳೆಗಳು ಅಲ್ಲಲ್ಲಿ ಸೂಕ್ಷ್ಮವಾಗಿ ಹರಿದಿರುತ್ತವೆ. ನೋವು ಒಂದರಿಂದ ಮೂರು ದಿನದೊಳಗೆ ಹೆಚ್ಚಿ ಆಮೇಲೆ ಇಳಿಯುತ್ತದೆ. ಒಳಗಿನ ದುರಸ್ತಿ ಮಾತ್ರ ಅಷ್ಟು ಬೇಗ ಮುಗಿಯುವುದಿಲ್ಲ. ಹಾನಿಗೊಂಡ ಸ್ನಾಯುವಿನಿಂದ ಸೋರಿದ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ರಕ್ತದಲ್ಲಿ ಹಲವು ದಿನ ಹೆಚ್ಚಾಗಿಯೇ ಇರುತ್ತದೆ. ಎರಡು ಹೊತ್ತು ಮುದ್ದೆ, ಅನ್ನ ಉಂಡರೂ ಅಂಥ ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಇಂಧನದ ದಾಸ್ತಾನು ನಿಧಾನವಾಗಿಯೇ ತುಂಬಿಕೊಳ್ಳುತ್ತದೆ. ಎರಡನೆಯ ವಾರ ಉಸಿರು ಹಗುರವಾಗಿ, ಉತ್ಸಾಹ ಮರಳಿರುತ್ತದೆ, ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ. ಗಾಯಗಳು ಹುಟ್ಟುವುದಕ್ಕೆ ಹೇಳಿ ಮಾಡಿಸಿದ ಹೊತ್ತು ಅದು.

ಮೆಲ್ಲಗೆ ಓಡಿದರೆ ಕಾಲು ಬೇಗ ಸಡಿಲವಾಗುತ್ತದೆ ಎಂಬ ಹಳೆಯ ನಂಬಿಕೆಯೂ ಪರೀಕ್ಷೆಗೆ ಒಳಗಾಗಿದೆ. 1984ರಲ್ಲಿ ಪ್ರಕಟವಾದ ಶರ್ಮನ್, ಕಾಸ್ಟಿಲ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಮ್ಯಾರಥಾನಿನ ಮರುವಾರ ಓಡದೆ ಉಳಿದವರ ಕಾಲಿನ ಬಲ, ದಿನವೂ 20ರಿಂದ 45 ನಿಮಿಷ ಓಡಿದವರದಕ್ಕಿಂತ ತುಸು ಬೇಗ ಮರಳಿತು. ಓಟಗಾರರು ಬೆರಳೆಣಿಕೆಯವರಾದ್ದರಿಂದ ಇದನ್ನೇ ಕೊನೆಯ ಮಾತೆನ್ನಲಾಗದು. ಆದರೂ ಮೊದಲ ವಾರ ಓಡದಿದ್ದರೆ ನಷ್ಟವಿಲ್ಲ ಎನ್ನಲು ಅಷ್ಟು ಸಾಕು. ‘ಕೂತರೆ ಫಿಟ್ನೆಸ್ ಹೋಗಿಬಿಡುತ್ತದೆ’ ಎಂಬ ಭಯಕ್ಕೂ ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ ಉತ್ತರವಿದೆ. ಚೆನ್ನಾಗಿ ಪಳಗಿದ ಕ್ರೀಡಾಪಟುಗಳು ತರಬೇತಿಯನ್ನು ಪೂರ್ತಿ ನಿಲ್ಲಿಸಿದಾಗಲೂ 21 ದಿನದಲ್ಲಿ ಅವರ ಗರಿಷ್ಠ ಆಮ್ಲಜನಕ ಬಳಕೆ ಇಳಿದದ್ದು ಸುಮಾರು ಶೇ 7ರಷ್ಟು ಎಂದು ಕಾಯ್ಲ್ ಮತ್ತು ಸಂಗಡಿಗರು ಕಂಡರು.

ಸೂತ್ರದ ನಿಜವಾದ ದೋಷ ಅದರ ಅಳತೆಗೋಲಿನಲ್ಲಿದೆ. ಮೂರು ಗಂಟೆಯಲ್ಲಿ ಮುಗಿಸಿದವರಿಗೂ ಆರು ಗಂಟೆ ಬಿಸಿಲಲ್ಲಿ ಬೆಂದವರಿಗೂ ಮೈಲಿ ಒಂದೇ. ದಕ್ಷಿಣ ಆಫ್ರಿಕದ ಕಾಮ್ರೇಡ್ಸ್ ಓಟ ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವೆ ಸಾಮಾನ್ಯವಾಗಿ ಒಂದು ವರ್ಷ ಏರುಮುಖ, ಮರುವರ್ಷ ಇಳಿಮುಖ. ಮೈಲಿ ಲೆಕ್ಕಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ. ತೊಡೆಯ ಪಾಲಿಗೆ ಇಳಿಜಾರೇ ಹೆಚ್ಚು ದುಬಾರಿ. ವರ್ಷಗಳಿಂದ ಓಡುತ್ತ ಬಂದಿರುವ ಕಾಲಿಗೂ ಮೊದಲ ಸಲ ಓಡಿದ ಕಾಲಿಗೂ ಈ ಸೂತ್ರ ಭೇದ ಮಾಡುವುದಿಲ್ಲ. ಜಪಾನಿನ ಯುಕಿ ಕವಾಉಚಿ ಸರ್ಕಾರಿ ನೌಕರಿ ಮಾಡಿಕೊಂಡೇ 2013ರ ಡಿಸೆಂಬರಿನಲ್ಲಿ ಎರಡು ವಾರದ ಅಂತರದಲ್ಲಿ ಎರಡು ಮ್ಯಾರಥಾನ್‌ಗಳನ್ನು 2 ಗಂಟೆ 10 ನಿಮಿಷದೊಳಗೆ ಮುಗಿಸಿದರು. ಹಾಗೆಂದು ಅವರನ್ನು ಮಾದರಿಯಾಗಿ ಹಿಡಿಯುವುದು ಹವ್ಯಾಸಿಗಳಿಗೆ ಅಪಾಯಕರ. ಆ ಕಾಲು ಪಳಗಿದ ರೀತಿಯೇ ಬೇರೆ.

ಹಾಗಾಗಿ 26 ದಿನವನ್ನು ಹೊರಗಿನ ಗಡಿಯೆಂದು ಇಟ್ಟುಕೊಂಡು ಒಳಗಿನದನ್ನು ಕಾಲಿನ ಸ್ಥಿತಿಗೆ ಬಿಡುವುದೇ ಸರಿ. ಮೊದಲ ವಾರಕ್ಕೆ ನಡಿಗೆ, ಈಜು, ಹಗುರ ಸೈಕಲ್ ಸಾಕು. ಮೆಟ್ಟಿಲನ್ನು ಕಂಬಿ ಹಿಡಿಯದೆ, ನೋವಿಲ್ಲದೆ ಇಳಿಯುವಂತಾದ ಮೇಲೆ ದಿನ ಬಿಟ್ಟು ದಿನ 20–30 ನಿಮಿಷದ ಓಟ, ಪಕ್ಕದವರೊಡನೆ ಮಾತಾಡಿಕೊಂಡು ಓಡಬಲ್ಲಷ್ಟು ನಿಧಾನವಾಗಿ. ಮೂರನೆಯ ವಾರ ಹೊತ್ತು ಹೆಚ್ಚಲಿ, ವೇಗ ಬೇಡ. ಇಂಟರ್ವಲ್ ಮತ್ತು ಇಳಿಜಾರಿನ ಓಟ ಎಲ್ಲಕ್ಕಿಂತ ಕೊನೆಗೆ. ಎರಡು ಲಕ್ಷಣಗಳು ಮಾತ್ರ ದಿನಗಳ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ, ಹೆಜ್ಜೆಯಿಟ್ಟಂತೆ ಹೆಚ್ಚುವ ನೋವು ಬಿರುಕಿನ ಸೂಚನೆಯಾಗಿರಬಹುದು. ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ರೇಸಿನ ನಂತರ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಸ್ನಾಯುವಿನ ಹಾನಿ ಮೂತ್ರಪಿಂಡಕ್ಕೆ ಹೊರೆಯಾಗುತ್ತಿರುವ ಲಕ್ಷಣವದು.