ಅಕ್ಷರದಾಟ: ಕಣ್ಣಿಗೋ, ಕಿವಿಗೋ?

ರಜೆಯ ದಿನ ನಮ್ಮವರ ಮನೆಗಳಿಗೆ ಹೋದರೆ, ಮಕ್ಕಳು ‘ಸ್ಕ್ರ್ಯಾಬಲ್’ ಹಲಗೆಯ ಸುತ್ತ ಕುಳಿತಿರುವುದು ಎಷ್ಟೋ ಕಡೆ ಕಾಣಸಿಗುತ್ತದೆ. ಆಡುತ್ತ ಆಡುತ್ತ ಇಂಗ್ಲಿಷು ಬಂದೀತೆಂದು ತಂದೆತಾಯಿಗಳಿಗೂ ಸಮಾಧಾನ. ಈ ನಂಬಿಕೆಯನ್ನು ಸ್ವಲ್ಪ ಒರೆಗೆ ಹಚ್ಚಿ ನೋಡೋಣ.

ಆಟದ ರಚನೆ ಮೆಚ್ಚತಕ್ಕದ್ದೇ. ಕೆಲಸವಿಲ್ಲದೆ ಕುಳಿತಿದ್ದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಇದನ್ನು ರೂಪಿಸಿದ. ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಪತ್ರಿಕೆಯ ಪುಟಗಳಲ್ಲಿ ಎಣಿಸಿದ. ಇಂದಿನ 100 ಬಿಲ್ಲೆಗಳಲ್ಲಿ ‘ಇ’ಗೆ 12, ‘ಕ್ಯೂ’, ‘ಝಡ್’ಗಳಿಗೆ ಒಂದೊಂದೇ. ಬರೀ ಬಹುವಚನ ಮಾಡಿ ಗೆಲ್ಲಬಾರದೆಂದು ‘ಎಸ್’ ನಾಲ್ಕೇ.

ಗೆಲ್ಲುವ ಗುಟ್ಟು ಇರುವುದು ಅದಲುಬದಲಿನಲ್ಲಿ. ಎ, ಇ, ಟಿ ಈ ಮೂರೇ ಅಕ್ಷರಗಳಿಂದ ಈಟ್, ಟೀ, ಏಟ್ ಆಗುತ್ತವೆ; ಗ್ರೀಕ್ ಅಕ್ಷರವಾದ ಈಟಾ ಕೂಡ ಸಲ್ಲುತ್ತದೆ. ಓ, ಪಿ, ಎಸ್, ಟಿ ಕೈಗೆ ಬಂದರೆ ಸ್ಟಾಪ್, ಪೋಸ್ಟ್, ಸ್ಪಾಟ್, ಪಾಟ್ಸ್, ಟಾಪ್ಸ್, ಆಪ್ಟ್ಸ್ ಎಂದು ಆರು.

ಕೊರತೆ ಇರುವುದೂ ಇಲ್ಲಿಯೇ. ಶಬ್ದದ ಅರ್ಥಕ್ಕೆ ಇಲ್ಲಿ ಅಂಕವಿಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವಸ್ಪರ್ಧೆಯನ್ನು ಗೆದ್ದರು. ಶಬ್ದಗಳ ಪಟ್ಟಿ ಕಂಠಪಾಠವಾದರೆ ಸಾಕು. ಇದು ಜ್ಞಾಪಕಶಕ್ತಿಯ ಸಾಧನೆಯೇ ಹೊರತು ಭಾಷೆಯ ಕಲಿಕೆಯಲ್ಲ. ಅದೂ ಕಣ್ಣಿನ ಜ್ಞಾಪಕ. ‘ಈಟ್’, ‘ಏಟ್’ ಎರಡನ್ನೂ ಉಚ್ಚರಿಸಿ ನೋಡಿ. ಅಕ್ಷರ ಅವೇ, ದನಿ ಬೇರೆ. ಕೇಳಿದವನಿಗೆ ಅವುಗಳ ನಂಟು ತಿಳಿಯದು.

ಕನ್ನಡದಲ್ಲಿ ಹಾಗಲ್ಲ. ನಮ್ಮ ಅಕ್ಷರ ಎಲ್ಲಿಗೆ ಹೋದರೂ ತನ್ನ ದನಿಯನ್ನು ಜೊತೆಗೇ ಒಯ್ಯುತ್ತದೆ. ‘ದಿನ’ ತಿರುಗಿದರೆ ‘ನದಿ’, ‘ದಾಸ’ ತಿರುಗಿದರೆ ‘ಸದಾ’, ‘ವನ’ದಿಂದ ‘ನವ’. ಮೂರಕ್ಷರದಲ್ಲಿ ‘ಮದನ’ನಿಂದ ‘ದಮನ’, ‘ರಮಣ’ನಿಂದ ‘ಮರಣ’! ‘ಮರಾ ಮರಾ’ ಎಂದು ಜಪಿಸುತ್ತ ‘ರಾಮ ರಾಮ’ ಎಂದ ವಾಲ್ಮೀಕಿಯ ಕಥೆ ಯಾರಿಗೆ ಗೊತ್ತಿಲ್ಲ? ಅದು ಕಿವಿಯಿಂದ ಹುಟ್ಟಿದ ಕಥೆ.

ಹಾಗೆಂದು ನಮ್ಮದೇ ಮೇಲೆಂದು ಜಂಬಪಡಬೇಕಾಗಿಲ್ಲ. ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ಲೆಕ್ಕ ಹಿಡಿದರೆ ನೂರು ಬಿಲ್ಲೆ ಯಾವ ಮೂಲೆಗೂ ಸಾಲವು. ಮೂರಕ್ಷರ ದಾಟಿದರೆ ಇಂಥ ಜೋಡಿಗಳೂ ವಿರಳ. ಇಂಗ್ಲಿಷಿನಷ್ಟು ಸಮೃದ್ಧಿ ಇಲ್ಲಿಲ್ಲ, ನಿಜ.

ಆದರೆ ನಮ್ಮಂಥ ಹೊರನಾಡಿನವರಿಗೆ ಇದರಲ್ಲೊಂದು ಲಾಭವಿದೆ. ನಮ್ಮ ಎಷ್ಟೋ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲಾರರು. ಊರಿನಿಂದ ಬಂದ ಅಜ್ಜಿಗೆ ಇಂಗ್ಲಿಷು ಬಾರದು. ಸ್ಕ್ರ್ಯಾಬಲ್ ಹಲಗೆ ತೆರೆದ ಕೂಡಲೇ ಅಜ್ಜಿ ಹೊರಗಿನವಳಾಗುತ್ತಾಳೆ. ಕನ್ನಡ ಪುಸ್ತಕ ತೆರೆದರೆ ಮೊಮ್ಮಗ ಹೊರಗಿನವನು. ಕಿವಿಯ ಆಟದಲ್ಲಿ ಮಾತ್ರ ಇಬ್ಬರಿಗೂ ಜಾಗವಿದೆ. ಹಲಗೆ ಬೇಡ, ಬಿಲ್ಲೆ ಬೇಡ, ಲೋಕಲ್ ರೈಲಿನಲ್ಲಿ ನಿಂತೂ ಆಡಬಹುದು. ‘ರವ’ ಎಂದರೇನೆಂದು ಮೊಮ್ಮಗ ಕೇಳಿದಾಗ ಅಜ್ಜಿ ಅರ್ಥ ಹೇಳಿಯೇ ತೀರುತ್ತಾಳೆ. ಹಲಗೆಯ ಆಟ ಬಿಟ್ಟುಕೊಟ್ಟದ್ದು ಅದನ್ನೇ.

ಸ್ಕ್ರ್ಯಾಬಲ್ ಆಡಬೇಡಿರೆಂದು ನಾನು ಹೇಳುವುದಿಲ್ಲ. ಮುಗಿದ ಮೇಲೆ ಹತ್ತು ನಿಮಿಷ ಅಜ್ಜಿಯನ್ನೂ ಕೂಡಿಸಿಕೊಂಡು ಇದನ್ನೂ ಆಡಿ. ಹೊಸ ಜೋಡಿ ಸಿಕ್ಕಿದರೆ ಪತ್ರಿಕೆಗೆ ಬರೆಯಿರಿ.